ನೂರೆಂಟನೇ ನಂಬರಿನ ಜೋಗುಳ

ನನ್ನ ಮೊಮ್ಮಗಳು ಹುಟ್ಟಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ. ಖುಷಿಗೆ ಹಸಿವೆಯೇ ಆಗಿರಲಿಲ್ಲ. ಹೆಣ್ಣು ಹುಟ್ಟಿದರೆ ಮನೆ ಬೆಳೆಯಿತು ಎನ್ನುವವರು ನಾವು. ತುಳುನಾಡಿನ ಜೈನರಲ್ಲಿ ಮನೆತನ ಹಿಂದಿನಿಂದಲೂ ತಾಯಿಯ ಕಡೆಯಿಂದ ಬರುವಂಥದ್ದು. ನನ್ನ ತಾಯಿ, ನಾನು, ನನ್ನ ಮಗಳು, ಈಗ ಈ ಗೇಣುದ್ದದ ಮಗು. ವೇಣೂರಿನ ಹತ್ತಿರದ ನಮ್ಮ ಮನೆಯ ಒಂದೇ ಚಾವಡಿಯಲ್ಲಿ ನಾಲ್ಕು ತಲೆಮಾರಿನ ಹೆಂಗಸರು! ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆಯೊಳಗೆ ಕುಣಿಯುತ್ತಲೇ ಇರುತ್ತದೆ. ಓದುವಾಗ ಗೊಂದಲ ಅನಿಸಿದರೆ ನನ್ನನ್ನು ಬೈಯಬೇಡಿ, ಆಗ ನಮಗೆ ನಿಜವಾಗಿಯೂ ಅಷ್ಟೇ ಗೊಂದಲ ಇತ್ತು.

ಮಗು ನನ್ನ ತಾಯಿಯ ಜೋಗುಳಕ್ಕೆ ಮಾತ್ರ ನಿದ್ರೆ ಮಾಡುತ್ತಿತ್ತು. ನಾನೂ ಹಾಡಿ ನೋಡಿದೆ. ನನ್ನ ಸ್ವರ ನನ್ನ ತಾಯಿಯದ್ದಕ್ಕಿಂತ ಚೆನ್ನಾಗಿಯೇ ಉಂಟು, ಭಜನೆಗೆಲ್ಲ ಕರೆಯುತ್ತಾರೆ. ಆದರೆ ಮಗು ನನ್ನ ಬಾಯಿಯನ್ನೇ ಒಂದು ಗಳಿಗೆ ನೋಡಿ, ಆಮೇಲೆ ತುಟಿ ಓರೆ ಮಾಡಿ ಅಳಲು ಶುರು ಮಾಡುತ್ತಿತ್ತು. ನನ್ನ ತಾಯಿಯ ಸ್ವರ ಒಡೆದು ಗೊರಗೊರ ಆಗಿತ್ತು. ಅದೇ ಸ್ವರ ತೊಟ್ಟಿಲ ಹತ್ತಿರ ಕೇಳಿದ ಕೂಡಲೇ ಮಗುವಿನ ರೆಪ್ಪೆ ಭಾರವಾಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಹೌದು. ಆದರೆ ಮಲಗಿದ ಮಗುವಿನ ಮುಖ ನೋಡಿದ ಮೇಲೆ ಯಾರ ಮೇಲಾದರೂ ಸಿಟ್ಟು ಉಳಿಯುತ್ತದೆಯೇ?

ಆಟಿ ತಿಂಗಳು ಕಳೆದು ಸೋಣ ಬಂದ ಮೇಲೆ ಬಾಣಂತಿಯನ್ನೂ ಮಗುವನ್ನೂ ಕರೆದುಕೊಂಡು ಹೋಗುತ್ತೇವೆ ಎಂದು ಮೂಡಬಿದಿರೆಯ ಆಚೆ, ತೋಡಾರಿನಲ್ಲಿರುವ ಬೀಗರು ಹೇಳಿ ಕಳಿಸಿದರು. ಅದರ ಜೊತೆಗೆ ಬೀಗಿತ್ತಿಯ ಒಂದು ಮಾತು. ಮಗು ಅಪ್ಪನ ಮನೆಯ ಹೊಸಿಲನ್ನು ಮೊದಲ ಸಲ ದಾಟುವಾಗ ಅಳಬಾರದು. ನಮ್ಮ ಅಳಿಯ ಚಿಕ್ಕವನಿದ್ದಾಗ ಅಳುತ್ತಾ ಒಳಗೆ ಬಂದಿದ್ದನಂತೆ, ಅದಕ್ಕೇ ಹೈಸ್ಕೂಲು ಮುಗಿಯುವವರೆಗೂ ಅವನಿಗೆ ನೆಗಡಿ ಬಿಡಲಿಲ್ಲವಂತೆ. ಬೀಗಿತ್ತಿ ಮಿತಭಾಷಿ. ನಕ್ಕರೂ ಹಲ್ಲು ಕಾಣುವುದಿಲ್ಲ. ಆಕೆ ಒಂದು ಮಾತು ಹೇಳಿದರೆ ಅದು ಕಲ್ಲಿನಲ್ಲಿ ಕೆತ್ತಿದಂತೆ ಎಂದು ಮಗಳು ಹೇಳುತ್ತಿದ್ದಳು.

ನನಗೆ ಚಿಂತೆ ಹತ್ತಿತು. ಈ ಮಗು ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾರಿನಲ್ಲಿ ಇಡೀ ದಾರಿ ಅತ್ತಿತ್ತು. ನನ್ನ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರೆ ಆಯಿತಲ್ಲ ಎಂದು ನೀವು ಕೇಳಬಹುದು. ಆಗುವಂತಿರಲಿಲ್ಲ. ಚಾತುರ್ಮಾಸದ ನಾಲ್ಕು ತಿಂಗಳು ಹೊಳೆ ದಾಟುವುದಿಲ್ಲ ಎಂದು ಅವರು ಬಸದಿಯಲ್ಲಿ ನಿಯಮ ತೆಗೆದುಕೊಂಡಿದ್ದರು. ನಡೆದು ಹುಳುಹುಪ್ಪಟೆ ತುಳಿಯಬಾರದು, ತಿರುಗಾಟ ಕಡಿಮೆ ಮಾಡಬೇಕು ಎಂದು ನಮ್ಮಲ್ಲಿ ಹಿರಿಯರು ಹಾಗೆ ಒಂದು ಗಡಿ ಹಾಕಿಕೊಳ್ಳುತ್ತಾರೆ.

“ನಾನು ಬರುದಿಲ್ಲ. ನನ್ನ ಹಾಡು ಬೇಕಾದ್ರೆ ಬರ್ಲಿ,” ಎಂದರು ನನ್ನ ತಾಯಿ.

ಹಾಡು ಬರುವ ಉಪಾಯ ಮಾಡಿದ್ದು ಅಳಿಯ. ಅವನ ಹತ್ತಿರ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಎಂಪಿತ್ರಿ ಇತ್ತು. ಅದರಲ್ಲಿ ಹಾಡು ಕೇಳಲಿಕ್ಕೂ ಆಗುತ್ತದೆ, ತುಂಬಿಸಲಿಕ್ಕೂ ಆಗುತ್ತದೆ. ಒಂದು ಭಾನುವಾರ ಬಂದವನು ಅದನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿ, ಗುಂಡಿ ಒತ್ತಿ, ತಾನು ಊಟ ಮಾಡಿ ಮಲಗಿಬಿಟ್ಟ. ಅವನು ಏಳುವವರೆಗೂ ಅದು ತುಂಬಿಕೊಳ್ಳುತ್ತಲೇ ಇತ್ತು. ಆಮೇಲೆ ಒಂದು ಸಣ್ಣ ಸ್ಪೀಕರಿಗೆ ಸಿಕ್ಕಿಸಿ ಹಾಕಿದಾಗ ನನ್ನ ತಾಯಿಯ ಸ್ವರವೇ, ಅದೇ ಗೊರಗೊರ. ನಾಲ್ಕು ಸಾಲು ಬರುವಷ್ಟರಲ್ಲಿ ಮಗು ಮಲಗಿತು, ನಾವು ನಿಲ್ಲಿಸಿದೆವು. ಮಗು ಯಾವಾಗಲೂ ನಾಲ್ಕೇ ಸಾಲಿಗೆ ಮಲಗುತ್ತಿದ್ದುದರಿಂದ ಮುಂದೆ ಏನಿದೆ ಎಂದು ಯಾರೂ ಕೇಳಲಿಲ್ಲ.

ಆದರೆ ಸ್ಪೀಕರಿಗೆ ಮನೆಯ ಕರೆಂಟು ಬೇಕು. ಕಾರಿನಲ್ಲಿ ಏನು ಮಾಡುವುದು? ಎಳೆ ಮಗುವಿನ ಕಿವಿಗೆ ವಯರು ತುರುಕಲು ಮಗಳು ಬಿಡಲಿಲ್ಲ. ನಮ್ಮ ಕಾರಿನಲ್ಲಿ ರೇಡಿಯೋ ಉಂಟು. ಅದರಲ್ಲಿ ಕ್ಯಾಸೆಟ್ಟು ಹಾಕುವ ಬಾಯಿಯೂ ಉಂಟು, ಆದರೆ ಅದು ಎಂದೋ ಒಂದು ಕ್ಯಾಸೆಟ್ಟನ್ನು ನುಂಗಿ ಸುಮ್ಮನೆ ಕೂತಿತ್ತು.

“ಎಫ್ಫೆಮ್ ಟ್ರಾನ್ಸ್‌ಮಿಟರ್ ತಕ್ಕೊಳ್ಳಿ ಅತ್ತೆ,” ಎಂದ ಅಳಿಯ ಫೋನಿನಲ್ಲಿ. “ಎಂಪಿತ್ರಿಯ ಹಾಡನ್ನು ಅದು ಗಾಳಿಗೆ ಬಿಡ್ತದೆ, ನಿಮ್ಮ ಕಾರಿನ ರೇಡಿಯೋ ಅದನ್ನು ಹಿಡೀತದೆ.”

ನನಗೆ ಅಲ್ಲಿಗೇ ತಲೆ ತಿರುಗಿತು. ಎಂಪಿತ್ರಿ ಇರುವುದು ಕಾರಿನಲ್ಲಿ. ರೇಡಿಯೋ ಇರುವುದೂ ಅದೇ ಕಾರಿನಲ್ಲಿ. ಎರಡರ ನಡುವೆ ಎರಡು ಗೇಣು. ಇಷ್ಟು ಹತ್ತಿರ ಹೋಗಲು ಹಾಡು ಗಾಳಿಗೆ ಏಕೆ ಹೋಗಬೇಕು? ಹೋದ ಹಾಡು ಸೀದಾ ನಮ್ಮ ರೇಡಿಯೋಕ್ಕೇ ಬರುತ್ತದೆ ಎಂದು ಏನು ಗ್ಯಾರಂಟಿ? ನಡುವೆ ಮಂಗಳೂರಿಗೆ ಹೋಗಿಬಿಟ್ಟರೆ?

ನಾನೂ ನಮ್ಮ ಯಜಮಾನರೂ ಮೂಡಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಇರುವ ಗಲ್ಫ್ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವರು ನಮಗೆ ಹಳೆಯ ಪರಿಚಯ, ನಮ್ಮ ಕಡೆಯ ಮುಸ್ಲಿಮರಾದ್ದರಿಂದ ಬ್ಯಾರಿಗಳು ಎಂದೇ ಕರೆಯುತ್ತೇವೆ. ಅತ್ತರು, ಕಂಬಳಿ, ಟಾರ್ಚು, ಚಾಕಲೇಟು ಎಲ್ಲದರ ನಡುವೆ ಕೈ ಹಾಕಿ ಅವರು ಮೂರು ಬಗೆಯ ಟ್ರಾನ್ಸ್‌ಮಿಟರನ್ನು ಗಾಜಿನ ಮೇಲೆ ಇಟ್ಟರು.

ಮೊದಲನೆಯದು ಬ್ಯಾಟರಿಯದ್ದು. ಅದಕ್ಕೆ ಒಂದು ಸಣ್ಣ ಗುಂಡಿ, ತಿರುಗಿಸಿದರೆ ನಾಲ್ಕೇ ಸ್ಟೇಷನ್. “ಇದು ಬೇಡ,” ಎಂದರು ನಮ್ಮವರು. ಬಂಟ್ವಾಳದಲ್ಲಿರುವ ಅವರ ತಮ್ಮನ ಹತ್ತಿರ ಅದೇ ಇತ್ತು. ಅವನು ಆರಿಸಿದ ಸ್ಟೇಷನ್ನಿನಲ್ಲಿ ಮೊದಲೇ ಯಾರೋ ಕುಳಿತಿದ್ದುದರಿಂದ ಅವನ ಭಜನೆಯ ನಡುವೆ ಅಡಿಕೆಯ ಧಾರಣೆ ಕೇಳುತ್ತಿತ್ತಂತೆ. ಎರಡನೆಯದು ಕಾರಿಗೆ ಸಿಕ್ಕಿಸುವಂಥದ್ದು. ಬಾಲದಂತೆ ಒಂದು ವಯರು, ನಂಬರು ಕಾಣುವ ಸಣ್ಣ ಪರದೆ. ಮೂರನೆಯದಕ್ಕೆ ಪೆನ್‌ಡ್ರೈವ್ ಹಾಕುವ ತೂತು, ಮೇಲಿಂದ ಒಂದು ರಿಮೋಟು.

“ಇದೇ ಆಗ್ಲಿ,” ಎಂದರು ನಮ್ಮವರು ರಿಮೋಟನ್ನು ಕೈಯಲ್ಲಿ ಹಿಡಿದು.

“ರಿಮೋಟು ಎಂತಕ್ಕೆ? ರೇಡಿಯೋ ನಿಮ್ಮ ಮೊಣಕಾಲಿನ ಹತ್ರ ಉಂಟಲ್ಲ!”

“ಇರ್ಲಿ ಮಾರಾಯ್ತಿ, ಫ್ರೀಯಾಗಿ ಬರ್ತದೆ.”

“ನಿಮಗೆ ಮನೆಯ ಟೀವಿಯ ರಿಮೋಟು ದಿನಾ ಹುಡುಕಿ ಕೊಡುದು ನಾನು. ಇನ್ನೊಂದು ಹುಡುಕ್ಲಿಕ್ಕೆ ನನಗಾಗುದಿಲ್ಲ.”

ಬ್ಯಾರಿಗಳು ನಕ್ಕರು. “ಅಮ್ಮ ಹೇಳಿದ್ದೇ ಸರಿ. ನಿಮ್ಮ ಹಾಡು ಇರುದು ಎಂಪಿತ್ರಿಯಲ್ಲಿ, ಪೆನ್‌ಡ್ರೈವಿನಲ್ಲಿ ಅಲ್ಲ. ನಿಮಗೆ ವಯರಿದ್ದದ್ದೇ ಆಗ್ಬೇಕು. ಕಾರು ತನ್ನಿ, ಹಾಕಿ ತೋರಿಸ್ತೇನೆ.”

ಕಾರು ಅಂಗಡಿಯ ಎದುರಿಗೆ ಬಂತು. ಅವರು ಸಿಗರೇಟು ಹೊತ್ತಿಸುವ ತೂತು ಎಲ್ಲಿ ಎಂದು ಕೇಳಿದರು. ಇದನ್ನು ಸಿಕ್ಕಿಸುವುದು ಅದರಲ್ಲೇ ಅಂತೆ. ನಾನು ನಮ್ಮವರ ಮುಖ ನೋಡಿದೆ. ಬೀಡಿ ಸಿಗರೇಟು ಮುಟ್ಟಿದವರಿಲ್ಲದ ಮನೆ ನಮ್ಮದು. ಈ ಕಾರನ್ನು ಬೆಳ್ತಂಗಡಿಯ ಒಬ್ಬರಿಂದ ಕೊಂಡ ದಿನವೇ ನಮ್ಮವರು ಮೆಕ್ಯಾನಿಕ್ಕಿನ ಹತ್ತಿರ ಹೋಗಿ, ಬೆಂಕಿಯ ಈ ವ್ಯವಹಾರ ನಮಗೆ ಬೇಡ ಎಂದು ಅದರ ವಯರನ್ನೇ ತೆಗೆಸಿ ಹಾಕಿದ್ದರು. ನಾನು ಆ ತೂತಿನಲ್ಲಿ ಸೇಫ್ಟಿ ಪಿನ್ನು, ಏಲಕ್ಕಿ ಇಡುತ್ತಿದ್ದೆ.

“ಏಲಕ್ಕಿ ಡಬ್ಬಿ ಮಾಡಿದ್ರಾ?” ಬ್ಯಾರಿಗಳಿಗೆ ನಗು ತಡೆಯಲಿಲ್ಲ. “ಗಲ್ಫಿನವರಿಗೂ ಇಷ್ಟು ತಲೆ ಹೋಗ್ಲಿಲ್ಲ ಅಮ್ಮ.”

ಮೆಕ್ಯಾನಿಕ್ಕನ್ನು ಕರೆಸಿ, ಏಲಕ್ಕಿ ತೆಗೆದು, ವಯರು ಸೇರಿಸಿದ ಮೇಲೆ ಪರದೆಯಲ್ಲಿ ಕೆಂಪು ನಂಬರು ಹೊತ್ತಿಕೊಂಡಿತು. ಈಗ ಖಾಲಿ ಜಾಗ ಹುಡುಕಬೇಕು ಎಂದರು. ರೇಡಿಯೋದಲ್ಲಿ ಯಾವ ನಂಬರಿನಲ್ಲಿ ಯಾರೂ ಮಾತಾಡುವುದಿಲ್ಲವೋ ಅದನ್ನೇ ಟ್ರಾನ್ಸ್‌ಮಿಟರಿನಲ್ಲೂ ಇಡಬೇಕು. ಒಂದರಲ್ಲಿ ಮಂಗಳೂರು ಬಂತು. ಇನ್ನೊಂದರಲ್ಲಿ ಮಲಯಾಳ ಬಂತು. ಮತ್ತೊಂದರಲ್ಲಿ ಯಾರೂ ಇಲ್ಲ ಎಂದುಕೊಂಡಾಗ ದೂರದಲ್ಲಿ ಯಾರೋ ಪಿಸುಗುಟ್ಟಿದಂತೆ ಆಯಿತು.

“ನಮ್ಮ ಬ್ಯಾರಿಗಳು ಬಂದ್ರೆ ಎಪ್ಪತ್ತೆಂಟು ಪಾಯಿಂಟ್ ಆರು ಹಾಕಿ ಅಂತಾರೆ,” ಎಂದರು ಬ್ಯಾರಿಗಳು. “ಏಳುನೂರ ಎಂಬತ್ತಾರು ನಮಗೆ ಬರಕತ್ತಿನ ನಂಬರಲ್ವಾ? ಆದ್ರೆ ಈ ಮಿಶಿನು ಶುರುವಾಗುದೇ ಎಂಬತ್ತೇಳರ ನಂತರ. ಎಂತ ಮಾಡುದು?”

“ಮುಗಿಯುದು ಎಷ್ಟರಲ್ಲಿ?” ನಾನು ಕೇಳಿದೆ.

“ನೂರೆಂಟರಲ್ಲಿ.”

ನನ್ನ ಕೈ ತನ್ನಿಂದ ತಾನೇ ಜೋಡಿಸಿಕೊಂಡಿತು. ನೂರೆಂಟು! ಜಪಮಾಲೆಯಲ್ಲಿ ಮಣಿ ಎಷ್ಟು? ನೂರೆಂಟು. ಯಾವ ದೇಶದಲ್ಲೋ ಮಾಡಿದ ಮಿಶಿನು ನಮ್ಮ ಜಪದ ನಂಬರಿಗೆ ಬಂದು ನಿಲ್ಲುತ್ತದೆ ಎಂದರೆ ನಾನು ಇನ್ನು ಬೇರೆ ಹುಡುಕಬೇಕೇ? “ಅದರಲ್ಲೇ ಇಡಿ,” ಎಂದೆ. ಅಲ್ಲಿ ಬರೀ ಸುಂಯ್ ಎಂಬ ಶಬ್ದ, ಬೇರೆ ಯಾರೂ ಇರಲಿಲ್ಲ. ಎಂಪಿತ್ರಿ ಸಿಕ್ಕಿಸಿದಾಗ ಕಾರಿನ ನಾಲ್ಕೂ ಮೂಲೆಯಿಂದ ನನ್ನ ತಾಯಿ ಹಾಡಿದರು. ನಮ್ಮವರು ಬೆಚ್ಚಿ ಹಿಂದಿನ ಸೀಟು ನೋಡಿದರು.

“ನಿಮ್ಮವರೆಲ್ಲ ಅದೇ ನಂಬರು ಹಾಕಿಸುದು ಅಮ್ಮ,” ಎಂದರು ಬ್ಯಾರಿಗಳು ಪೊಟ್ಟಣ ಕಟ್ಟುತ್ತಾ.

ನಮ್ಮ ಜೈನರಿಗೆಲ್ಲ ಒಳ್ಳೆಯ ಬುದ್ಧಿ ಉಂಟು ಎಂದು ನನಗೆ ಹೆಮ್ಮೆಯೇ ಆಯಿತು. “ನಮ್ಮ ಹಾಡು ಬೇರೆಯವರಿಗೆ ಕೇಳುದಿಲ್ವಲ್ಲ?” ಎಂದು ಮಾತ್ರ ಕೇಳಿದೆ. “ಇಲ್ಲಮ್ಮ, ಕಾರಿನೊಳಗೆ ಮಾತ್ರ,” ಎಂದರು.

ಹೊರಡುವ ದಿನ ಬೀಗರ ಕಾರು ಮಧ್ಯಾಹ್ನ ಬಂತು. ಬೀಗರು, ಬೀಗಿತ್ತಿ, ಕಾರು ಬಿಡಲು ಅಳಿಯ. ಊಟ ಮುಗಿಸಿ ಬೇಗ ಹೊರಡಬೇಕಿತ್ತು, ಏಕೆಂದರೆ ಸೂರ್ಯ ಮುಳುಗುವ ಮೊದಲು ಅಲ್ಲಿ ಎಲ್ಲರ ರಾತ್ರಿಯ ಊಟವೂ ಆಗಬೇಕು. ಮುಳುಗಿದ ಮೇಲೆ ಉಣ್ಣುವವರಲ್ಲ ನಾವು. ಹಾಡಿನ ಏರ್ಪಾಡು ನಮ್ಮ ಕಾರಿನಲ್ಲಿ ಇದ್ದುದರಿಂದ ಮಗು ನಮ್ಮದರಲ್ಲೇ ಬರಲಿ ಎಂದಾಯಿತು. ನಮ್ಮವರು ಮುಂದೆ, ನಾನೂ ಮಗಳೂ ಹಿಂದೆ, ನನ್ನ ಮಡಿಲಿನಲ್ಲಿ ಮಗು. ನನ್ನ ತಾಯಿ ಮೆಟ್ಟಿಲಿನ ಮೇಲೆ ನಿಂತು ಮಗುವಿನ ಅಂಗಾಲು ಮುಟ್ಟಿ, “ನಾನು ಮುಂದೆಯೇ ಕೂತಿದ್ದೇನೆ, ಹೆದರ್ಬೇಡ,” ಎಂದು ರೇಡಿಯೋ ತೋರಿಸಿದರು.

ಹೊಳೆ ದಾಟುವವರೆಗೆ ಎಲ್ಲ ಸರಿಯಾಗಿತ್ತು. ಮಗು ಮಲಗಿತು. ನಿಲ್ಲಿಸಿದರೆ ಏಳಬಹುದು ಎಂದು ಹಾಡನ್ನು ನಿಲ್ಲಿಸಲಿಲ್ಲ. ಒಂದು ಏರಿನಲ್ಲಿ ಎದುರಿನ ಬಸ್ಸಿನಿಂದ ಜನ ಇಳಿಯುತ್ತಿದ್ದರು, ನಾವು ನಿಂತೆವು. ಬೀಗರ ಕಾರು ನಮ್ಮ ಹಿಂದೆ ಬಂದು ನಿಂತಿತು. ಇದ್ದಕ್ಕಿದ್ದಂತೆ ನಮ್ಮ ರೇಡಿಯೋದಲ್ಲಿ ನನ್ನ ತಾಯಿಯ ಸ್ವರ ಮಾಯವಾಗಿ, ಡಮಡಮ ಎಂದು ಡೋಲು ಬಡಿದುಕೊಂಡು ಯಾವುದೋ ಸಿನಿಮಾ ಹಾಡು!

ಮಗು ಬೆಚ್ಚಿ ಕಿರುಚಿತು.

“ಎಂತ ಒತ್ತಿದ್ರಿ?” ಎಂದೆ.

“ನಾನು ಎಂತದ್ದೂ ಒತ್ಲಿಲ್ಲ!” ನಮ್ಮವರು ಟ್ರಾನ್ಸ್‌ಮಿಟರಿಗೆ ಎರಡು ಪೆಟ್ಟು ಕೊಟ್ಟರು. ನಂಬರು ನೂರೆಂಟೇ ಇತ್ತು. ಎಂಪಿತ್ರಿಯೂ ತನ್ನಷ್ಟಕ್ಕೆ ಓಡುತ್ತಿತ್ತು. ಬಸ್ಸು ಹೊರಟು ನಾವು ಮುಂದೆ ಹೋದಾಗ ನನ್ನ ತಾಯಿ ವಾಪಸು ಬಂದರು. ಪೆಟ್ಟು ಕೊಟ್ಟದ್ದರಿಂದ ಸರಿಯಾಯಿತು ಎಂದು ನಮ್ಮವರು ಅಂದುಕೊಂಡರು. ಎಂಪಿತ್ರಿಯೊಳಗೆ ಅಳಿಯನ ಹಳೆಯ ಹಾಡು ಉಳಿದು ಅದು ಉಕ್ಕಿ ಬಂತು ಎಂದು ನಾನು ಅಂದುಕೊಂಡೆ. ಇಬ್ಬರಿಗೂ ಗೊತ್ತಿರಲಿಲ್ಲ. ಮಗುವನ್ನು ತೋಳಿನಲ್ಲಿ ಆಡಿಸುತ್ತಾ ನಾನು ಹಾಡಿನ ಕಡೆ ಕಿವಿ ಕೊಟ್ಟೆ. ಮತ್ತೆ ನನ್ನ ಜೀವವೇ ಹಾರಿಹೋಯಿತು.

ನಮ್ಮ ಕಡೆಯ ಜೋಗುಳದಲ್ಲಿ ಒಂದು ಕ್ರಮ ಉಂಟು. ಮಗುವಿನ ತಾಯಿಯ ಮನೆಯವರು ಅಪ್ಪನ ಮನೆಯವರನ್ನು ಹಾಡಿನಲ್ಲಿ ಛೇಡಿಸುವುದು. ಅಲ್ಲಿಗೆ ಹೋಗಬೇಡ, ಇಲ್ಲೇ ಇರು ಎಂದು ಮಗುವಿಗೆ ಹೇಳಿದ ಹಾಗೆ. ಮನೆಯೊಳಗೆ ಹಾಡುವ ಹಾಡು, ಹೊರಗೆ ಹೋಗುವುದಿಲ್ಲ. ರೇಡಿಯೋದಲ್ಲಿ ನನ್ನ ತಾಯಿ ಹಾಡುತ್ತಿದ್ದರು. ನಿನ್ನ ಅಪ್ಪನ ಮನೆಯ ಮಜ್ಜಿಗೆಯಲ್ಲಿ ಮುಖ ನೋಡಿ ತಲೆ ಬಾಚಬಹುದು, ಜೋ ಜೋ. ನಿನ್ನ ಅಪ್ಪನ ಮನೆಯ ಹಲಸಿನ ಮರ ನೆರೆಮನೆಗೇ ಹಣ್ಣು ಹಾಕುತ್ತದೆ, ಜೋ ಜೋ. ನಡುವೆ ಒಬ್ಬ ಹೆಂಗಸು ಕಿಲಕಿಲ ನಗುತ್ತಿದ್ದಳು. ಆ ಹೆಂಗಸು ನಾನೇ.

“ಅಮ್ಮ, ಇದೆಲ್ಲ ಅದರಲ್ಲಿ ಉಂಟಾ?” ಮಗಳು ಬಾಯಿಗೆ ಕೈ ಇಟ್ಟಳು.

“ಕಾರಿನೊಳಗೆ ಮಾತ್ರ ಕೇಳುದು,” ಎಂದೆ ನಾನು. ಮಗುವಿಗೆ ಮಾತ್ರ ಅರ್ಥ ಬೇಕಿರಲಿಲ್ಲ, ಸ್ವರ ಬೇಕಿತ್ತು. ಅದು ಬಿಕ್ಕುತ್ತಾ ಬಿಕ್ಕುತ್ತಾ ಶಾಂತವಾಯಿತು.

ಅಷ್ಟರಲ್ಲಿ ಬೀಗರ ಕಾರು ಹಿಂದಿನಿಂದ ಮುಟ್ಟುವಷ್ಟು ಹತ್ತಿರ ಬಂತು. ನಮ್ಮವರು ಜೋರು ಬಿಟ್ಟರು. ಅವರೂ ಜೋರು ಬಿಟ್ಟರು. ನಮ್ಮವರು ಬದಿಗೆ ಸರಿದು ದಾರಿ ಕೊಟ್ಟರೆ ಅವರು ಮುಂದೆ ಹೋಗಲೊಲ್ಲರು, ಹಿಂದೆಯೇ ನಿಧಾನ ಮಾಡಿದರು. ಮತ್ತೆ ಹೊರಟರೆ ಮತ್ತೆ ಬೆನ್ನಿಗೆ. ಲೈಟು ಹಾಕಿ ತೆಗೆದರು, ಹಾರ್ನು ಹೊಡೆದರು.

“ಅಳಿಯನಿಗೆ ಎಂತ ಆಗಿದೆ? ಮುಂದೆ ಹೋಗ್ಲಿಕ್ಕುಂಟಾ, ಇಲ್ಲವಾ?” ನಮ್ಮವರು ಬೆವತುಹೋದರು. ಮೂಡಬಿದಿರೆ ಪೇಟೆ ಸಿಗುವ ಮೊದಲು ಒಂದು ಗೂಡಂಗಡಿಯ ಹತ್ತಿರ ಕಾರು ನಿಲ್ಲಿಸಿದರು.

ಹಿಂದಿನ ಕಾರಿನಿಂದ ಬೀಗಿತ್ತಿ ಇಳಿದರು. ಸೆರಗು ಸರಿಮಾಡಿಕೊಂಡು ನೇರ ನನ್ನ ಕಿಟಕಿಗೆ ಬಂದರು.

“ನಮ್ಮ ಮಜ್ಜಿಗೆ ಅಷ್ಟು ನೀರಾ ಅಕ್ಕ?”

ಒಂದು ಹೆಣ್ಣು ಮಗುವನ್ನು ಮೊದಲ ಸಲ ಅಪ್ಪನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಮಗಳು ಅಲ್ಲಿ ಬಾಳಬೇಕು, ದಾರಿಯಲ್ಲೇ ಹೀಗಾಯಿತಲ್ಲ! “ನಿಮಗೆ... ನಿಮಗೆ ಹೇಗೆ ಕೇಳಿತು?” ಎಂದು ಮಾತ್ರ ಬಂತು.

ಅಳಿಯ ಓಡಿ ಬಂದ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವರ ಕಾರಿನಲ್ಲೂ ಅದೇ ಅಂಗಡಿಯ ಟ್ರಾನ್ಸ್‌ಮಿಟರ್. ರಿಮೋಟಿನದ್ದು. ಅದಕ್ಕೆ ನಂಬರು ಹೇಳಿದವರು ಬೀಗಿತ್ತಿ. ಯಾವ ನಂಬರು ಎಂದು ಬೇರೆ ಹೇಳಬೇಕೇ? ಎರಡು ಕಾರು ಹತ್ತಿರವಾದಾಗ ಅವರ ಹಾಡು ನಮ್ಮ ರೇಡಿಯೋಕ್ಕೆ ಬಂದಿತ್ತು. ಬೀಗಿತ್ತಿ ತಲೆನೋವು ಎಂದು ಅವರದ್ದನ್ನು ನಿಲ್ಲಿಸಿದ ಮೇಲೆ ನಮ್ಮ ಹಾಡು ಅವರ ರೇಡಿಯೋಕ್ಕೆ ಹೋಗಿತ್ತು. ಕಾರಿನೊಳಗೆ ಮಾತ್ರ ಎಂದರೆ ಯಾರ ಕಾರಿನೊಳಗೆ ಎಂದು ನಾನು ಬ್ಯಾರಿಗಳ ಹತ್ತಿರ ಕೇಳಿರಲಿಲ್ಲ.

“ಹಾರ್ನು ಹೊಡೆದದ್ದು ಎಂತಕ್ಕೆ ಮತ್ತೆ?” ನಮ್ಮವರು ಕೇಳಿದರು.

“ನೀವು ದೂರ ಹೋದ್ರೆ ಕೇಳುದಿಲ್ಲ,” ಎಂದರು ಬೀಗಿತ್ತಿ. “ಇವರ ಮೂಗಿನ ಬಗ್ಗೆ ಶುರುವಾಗಿತ್ತು, ಅಷ್ಟರಲ್ಲಿ ನೀವು ಜೋರು ಬಿಟ್ರಿ. ಮೂಗಿಗೆ ಎಂತ ಹೇಳಿದ್ರು ಅಂತ ಗೊತ್ತಾಗ್ಲಿಲ್ಲ.”

ಬೀಗರು ಕಾರಿನಲ್ಲೇ ಕುಳಿತು ಮೂಗು ಸವರಿಕೊಳ್ಳುತ್ತಿದ್ದರು. ಬೀಗಿತ್ತಿ ಸಿಟ್ಟಿನಲ್ಲಿದ್ದಾರೋ ತಮಾಷೆಯಲ್ಲಿದ್ದಾರೋ ನನಗೆ ತಿಳಿಯಲಿಲ್ಲ. ಮುಖ ಬಸದಿಯ ಕಂಬದ ಹಾಗೆ ಇತ್ತು.

“ಒಂದು ಕಾರಿನದ್ದು ನೂರ ಏಳು ಪಾಯಿಂಟ್ ಒಂಬತ್ತು ಮಾಡುವ, ಮುಗೀತು,” ಎಂದ ಅಳಿಯ.

“ನಮ್ಮದು ಬೇಡ,” ಎಂದೆ ನಾನು.

“ನಮ್ಮದೂ ಬೇಡ,” ಎಂದರು ಬೀಗಿತ್ತಿ. “ಒಂದು ಮಣಿ ಕಡಿಮೆ ಮಾಡಿ ಯಾರಾದ್ರೂ ಜಪ ಮಾಡ್ತಾರಾ?”

ಆಕೆಯ ಬಾಯಿಂದ ನನ್ನದೇ ಮಾತು ಬಂದಂತಾಯಿತು. ಹೊತ್ತು ಇಳಿಯುತ್ತಿತ್ತು. ಬೀಗಿತ್ತಿ ಮತ್ತೆ ಮಾತಾಡದೆ ನಮ್ಮ ಕಾರಿನ ಬಾಗಿಲು ತೆರೆದು, ಮಗಳನ್ನು ಮುಂದಿನ ಸೀಟಿಗೆ ಕಳಿಸಿ, ನನ್ನ ಪಕ್ಕ ಕುಳಿತರು. “ಹಾಕಿ, ಮೂಗಿನಿಂದ,” ಎಂದರು.

ನಮ್ಮವರಿಗೆ ಹಾಡನ್ನು ಹಿಂದೆ ಹೋಗಿಸಲು ಬರುತ್ತಿರಲಿಲ್ಲ, ಮಗಳು ಗುಂಡಿ ಒತ್ತಿದಳು. ನಿನ್ನ ಅಜ್ಜನ ಮೂಗಿನಲ್ಲಿ ಎರಡು ಕಾಗೆ ಕೂತು ಸಂಸಾರ ಮಾಡಬಹುದು, ಜೋ ಜೋ.

“ಎರಡಾ? ಮೂರು ಕೂರ್ತದೆ,” ಎಂದರು ಬೀಗಿತ್ತಿ ರೇಡಿಯೋಕ್ಕೆ. ನನ್ನ ತಾಯಿ ನಿಲ್ಲಿಸಲಿಲ್ಲ, ಈಕೆಯೂ ಬಿಡಲಿಲ್ಲ. ಹಾಡು ಸುತ್ತಿ ಮತ್ತೆ ಮಜ್ಜಿಗೆಗೆ ಬಂದರೆ, “ಬೇಸಗೆಯಲ್ಲಿ ಬನ್ನಿ, ಅದೇ ಮಜ್ಜಿಗೆ ಮೂರು ಲೋಟ ಕುಡೀತೀರಿ,” ಎಂದರು. ಹಲಸು ಎಂದರೆ, “ನೆರೆಮನೆಯವರೂ ನಮ್ಮವರೇ,” ಎಂದರು. ರೇಡಿಯೋದಲ್ಲಿ ನಾನು ನಕ್ಕೆ. ಸೀಟಿನಲ್ಲಿದ್ದ ನಾನು ನಗಬೇಕೋ ಬೇಡವೋ ಗೊತ್ತಾಗದೆ ಮಗುವಿನ ಟೊಪ್ಪಿ ಸರಿಮಾಡುತ್ತಾ ಕುಳಿತೆ. ಮಗು ಎಚ್ಚರವಿತ್ತು. ಅಳುತ್ತಿರಲಿಲ್ಲ. ಬೀಗಿತ್ತಿಯ ಬಾಯಿಯನ್ನೇ ನೋಡುತ್ತಿತ್ತು.

ತೋಡಾರಿನ ಮನೆ ಮುಟ್ಟಿದಾಗ ಬಿಸಿಲು ಹಂಚಿನ ತುದಿಯಲ್ಲಿತ್ತು. ಕಾರು ನಿಂತಿತು, ಎಂಜಿನು ನಿಂತಿತು, ಅದರ ಜೊತೆಗೆ ರೇಡಿಯೋವೂ ನಿಂತಿತು. ಅಂಗಳದಿಂದ ಹೊಸಿಲಿಗೆ ಇನ್ನೂ ಅಷ್ಟು ದೂರ ಉಂಟು! ಇಷ್ಟೆಲ್ಲ ಆರಿಸಿದ ನಾವು ಕಾರಿನಿಂದ ಇಳಿದ ಮೇಲೆ ಏನು ಎಂದು ಯೋಚಿಸಿಯೇ ಇರಲಿಲ್ಲ. ಸದ್ದು ನಿಂತದ್ದು ಮಗುವಿಗೆ ಗೊತ್ತಾಯಿತು. ಕೆಳತುಟಿ ಮುಂದೆ ಬಂತು, ಮುಖ ಕೆಂಪಾಯಿತು. ನಾನು ಹಾಡಲು ಬಾಯಿ ತೆರೆದೆ. ತೆರೆದ ಕೂಡಲೇ ತುಟಿ ಇನ್ನೂ ಓರೆಯಾಯಿತು. ಮುಚ್ಚಿದೆ.

ಬೀಗಿತ್ತಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದೇ ರಾಗದಲ್ಲಿ, ಸೀದಾ ಗಂಟಲಿನಿಂದ, ಗೊರಗೊರ ಎಂದು ಶುರು ಮಾಡಿದರು. ನಿನ್ನ ಅಮ್ಮನ ಮನೆಯ ಕಾರಿನಲ್ಲಿ ಏಲಕ್ಕಿ ಬೆಳೆಯುತ್ತದೆ, ಜೋ ಜೋ. ನಿನ್ನ ಅಜ್ಜಿ ಮಿಶಿನಿನೊಳಗೆ ಕೂತು ನಗುತ್ತಾಳೆ, ಜೋ ಜೋ.

ಏಲಕ್ಕಿಯ ಸಂಗತಿಯನ್ನು ಬ್ಯಾರಿಗಳು ಅವರಿಗೂ ಹೇಳಿದ್ದರು ಎಂದು ಕಾಣುತ್ತದೆ. ಹಾಡುತ್ತಾ ಹಾಡುತ್ತಾ ಮೆಟ್ಟಿಲು ಹತ್ತಿದರು. ಮಗುವಿನ ತುಟಿ ಹಾಗೆಯೇ ಅರ್ಧಕ್ಕೆ ನಿಂತಿತು. ಕಣ್ಣು ಅರಳಿಸಿಕೊಂಡು, ಒಂದು ಕೈ ಬೀಗಿತ್ತಿಯ ಗಲ್ಲದ ಮೇಲಿಟ್ಟು, ಒಂಚೂರೂ ಅಳದೆ ಅದು ಹೊಸಿಲು ದಾಟಿತು. ಅತ್ತದ್ದು ನಾನು. ಸಂತೋಷಕ್ಕೋ, ನನ್ನ ಮನೆಯನ್ನು ಅಷ್ಟು ಜನರ ಎದುರು ಛೇಡಿಸಿದ್ದಕ್ಕೋ, ಇಂದಿಗೂ ಹೇಳಲಾರೆ.

ಊಟವಾದ ಮೇಲೆ ಬೀಗರ ಫೋನಿನಿಂದ ನನ್ನ ತಾಯಿಗೆ ಫೋನು ಮಾಡಿದೆ. ಪಕ್ಕದಲ್ಲೇ ಕಾಯುತ್ತಿದ್ದರು ಎಂದು ಕಾಣುತ್ತದೆ, ಒಂದೇ ರಿಂಗಿಗೆ ಎತ್ತಿದರು.

“ಅತ್ತಿತಾ?”

“ಇಲ್ಲ ಅಮ್ಮ. ಬೀಗಿತ್ತಿ ಹಾಡಿದ್ರು.”

“ಯಾರು? ಅವರಾ? ಎಂತ ಹಾಡಿದ್ರು?”

ಸಾಲು ಬಿಡದೆ ಹೇಳಿದೆ. ಏಲಕ್ಕಿಯ ಸಾಲನ್ನು ಎರಡು ಸಲ ಹೇಳಿಸಿಕೊಂಡರು.

“ಅಳಿಯನಿಗೆ ಆ ಎಂಪಿತ್ರಿ ಹಿಡ್ಕೊಂಡು ನಾಳೆ ಬೆಳಿಗ್ಗೆಯೇ ಬರ್ಲಿಕ್ಕೆ ಹೇಳು,” ಎಂದರು ನನ್ನ ತಾಯಿ. “ಉತ್ತರ ತುಂಬಿಸ್ಲಿಕ್ಕುಂಟು.”